ಇಂಟರ್‌ನ್ಯಾಷನಲ್ ಹೈಸ್ಕೂಲಿನ ಪಾಠ, ಪರೀಕ್ಷೆ ಮತ್ತು ಮಕ್ಕಳ ಬೆಳವಣಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಥ ಶಾಲೆಯಲ್ಲಿ ಪಾಠ ಹೇಳುವ ಕೆಲಸ ನನ್ನದು. ಅಪ್ಪ ಅಮ್ಮಂದಿರು ಮೀಟಿಂಗ್‌ನಲ್ಲಿ ಕೇಳುವ, ಮೇಲ್‌ನಲ್ಲಿ ಬರೆಯುವ, ಕೆಲವೊಮ್ಮೆ ಹೊಸದಾಗಿ ಸೇರಿದ ಮಕ್ಕಳೇ ನಿಲ್ಲಿಸಿ ಕೇಳುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. 11ನೇ ವಯಸ್ಸಿನಿಂದ ಕಾಲೇಜು ಸೇರುವ ತನಕದ ವಿಷಯ ಮಾತ್ರ ಇಲ್ಲಿದೆ. ಕೊನೆಯ ಎರಡು ವರ್ಷದ ಲೆಕ್ಕಾಚಾರ ಬೇಕಿದ್ದವರು ನೇರ ಕೆಳಗೆ ಹೋಗಬಹುದು.

## ಮೊದಲಿಗೆ

ಇಂಟರ್‌ನ್ಯಾಷನಲ್ ಸ್ಕೂಲ್ ಅಂದ್ರೆ ನಿಜವಾಗ್ಲೂ ಏನು? ಬರೀ ಹೆಸರಾ?

ಕೆಲವು ಕಡೆ ಬರೀ ಹೆಸರೇ. ಹಾಗಾಗಿ ಹೆಸರು ಬಿಡಿ, ಪಠ್ಯಕ್ರಮ ಯಾರದ್ದು, ಕೊನೆಯ ಪರೀಕ್ಷೆ ನಡೆಸುವವರು ಯಾರು ಅಂತ ಕೇಳಿ.

ಈ ಬಗೆಯ ಶಾಲೆಗಳಲ್ಲಿ ತುಂಬ ಹಳೆಯದು 1924ರಲ್ಲಿ ಜಿನೀವಾದಲ್ಲಿ ಶುರುವಾಯಿತು. ಲೀಗ್ ಆಫ್ ನೇಷನ್ಸ್‌ನಲ್ಲೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲೂ ಕೆಲಸ ಮಾಡುತ್ತಿದ್ದವರ ಮಕ್ಕಳಿಗೆ ಒಂದು ಶಾಲೆ ಬೇಕಿತ್ತು. ಒಂದೊಂದು ಮಗು ಒಂದೊಂದು ದೇಶದ್ದು, ಮುಂದೆ ಕಾಲೇಜಿಗೆ ಹೋಗುವುದೂ ಬೇರೆ ಬೇರೆ ದೇಶಕ್ಕೆ. ಒಂದೇ ಕ್ಲಾಸಿನಲ್ಲಿ ಕೂತವರನ್ನು ಹಲವು ದೇಶಗಳ ಪರೀಕ್ಷೆಗೆ ಬೇರೆ ಬೇರೆಯಾಗಿ ತಯಾರು ಮಾಡುವುದು ಶಿಕ್ಷಕರಿಗೆ ದೊಡ್ಡ ಕಷ್ಟವಾಗಿತ್ತು. ಎಲ್ಲ ಕಡೆ ಒಪ್ಪುವ ಒಂದೇ ಪರೀಕ್ಷೆ ಇರಲಿ ಅನ್ನುವ ಯೋಚನೆ ಅಲ್ಲಿಂದ ಬೆಳೆಯಿತು. 1968ರಲ್ಲಿ ಅದೇ ಊರಿನಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್, ಅಂದರೆ ಐಬಿ ಹುಟ್ಟಿಕೊಂಡಿತು.

ಐಬಿ ಶಾಲೆ ಅಂತ ಯಾರಾದರೂ ಹೇಳಿದರೆ ಒಂದು ವಿಷಯ ಗಮನಿಸಿ. ಅನುಮತಿ ಸಿಕ್ಕ ಶಾಲೆಯನ್ನು 'ಐಬಿ ವರ್ಲ್ಡ್ ಸ್ಕೂಲ್' ಅನ್ನುತ್ತಾರೆ. ಇನ್ನೂ ದಾರಿಯಲ್ಲಿರುವ ಶಾಲೆ 'ಕ್ಯಾಂಡಿಡೇಟ್ ಸ್ಕೂಲ್'. ಎರಡೂ ಒಂದೇ ಅಲ್ಲ. ಐಬಿಯ ಪ್ರತಿ ಹಂತಕ್ಕೂ ಅನುಮತಿ ಬೇರೆ, ಒಂದು ಹಂತಕ್ಕೆ ಇದೆ ಅಂದಮಾತ್ರಕ್ಕೆ ಇನ್ನೊಂದಕ್ಕೂ ಇದೆ ಅಂದುಕೊಳ್ಳಬೇಡಿ.

ಎಂವೈಪಿ, ಐಜಿಸಿಎಸ್‌ಇ, ಡಿಪಿ, ಎ ಲೆವೆಲ್... ತಲೆ ತಿರುಗುತ್ತೆ. ಯಾವುದು ಯಾವ ವಯಸ್ಸಿಗೆ?

ಎರಡು ಮನೆತನ ಅಂದುಕೊಳ್ಳಿ. ಒಂದು ಐಬಿ. ಅದರಲ್ಲಿ 11ರಿಂದ 16ರವರೆಗೆ ಎಂವೈಪಿ, ಅಂದರೆ ಮಿಡಲ್ ಇಯರ್ಸ್ ಪ್ರೋಗ್ರಾಂ. ಆಮೇಲೆ ಎರಡು ವರ್ಷ ಡಿಪಿ, ಅಂದರೆ ಡಿಪ್ಲೊಮಾ ಪ್ರೋಗ್ರಾಂ. ಡಿಪಿ ಬೇಡ, ವೃತ್ತಿಯ ಕಡೆ ಒಲವಿದೆ ಅನ್ನುವವರಿಗೆ ಸಿಪಿ, ಅಂದರೆ ಕರಿಯರ್-ರಿಲೇಟೆಡ್ ಪ್ರೋಗ್ರಾಂ ಅಂತ ಇನ್ನೊಂದಿದೆ, ಎಲ್ಲ ಶಾಲೆಗಳಲ್ಲೂ ಸಿಗುವುದಿಲ್ಲ.

ಇನ್ನೊಂದು ಮನೆತನ ಬ್ರಿಟನ್ನಿನದು. 14ರಿಂದ 16ರವರೆಗೆ ಐಜಿಸಿಎಸ್‌ಇ, ಅಂದರೆ ಇಂಟರ್‌ನ್ಯಾಷನಲ್ ಜನರಲ್ ಸರ್ಟಿಫಿಕೇಟ್ ಆಫ್ ಸೆಕೆಂಡರಿ ಎಜುಕೇಶನ್. ಆಮೇಲೆ ಎರಡು ವರ್ಷ ಎ ಲೆವೆಲ್. ಕೇಂಬ್ರಿಡ್ಜ್ ಅನ್ನುವ ಪರೀಕ್ಷಾ ಬೋರ್ಡ್ ಐಜಿಸಿಎಸ್‌ಇಯನ್ನು 1988ರಿಂದ ನಡೆಸುತ್ತಿದೆ. ಪಿಯರ್ಸನ್ ಎಡೆಕ್ಸೆಲ್ ಇಂಥದ್ದೇ ಪರೀಕ್ಷೆ ನಡೆಸುವ ಇನ್ನೊಂದು ಬೋರ್ಡ್.

ಬಹಳ ಶಾಲೆಗಳು ಎರಡನ್ನೂ ಬೆರೆಸುತ್ತವೆ. 14ರ ತನಕ ಎಂವೈಪಿ, ಆಮೇಲೆ ಐಜಿಸಿಎಸ್‌ಇ, ಕೊನೆಗೆ ಡಿಪಿ. ಇದರಲ್ಲಿ ತಪ್ಪೇನಿಲ್ಲ. ಆದರೆ ಎಂವೈಪಿಯ ಕೊನೆಯ ವರ್ಷಗಳ ಕೆಲಸ ಕೈಬಿಟ್ಟು ಹೋಗುತ್ತದೆ, ಅದರ ಬದಲು ಏನು ಕೊಡುತ್ತಾರೆ ಅಂತ ಕೇಳಿಕೊಳ್ಳಿ.

ಟೆಕ್ಸ್ಟ್‌ಬುಕ್ಕೇ ಇಲ್ವಂತೆ! ಹಾಗಾದ್ರೆ ಪೋರ್ಷನ್ ಅಂತ ಏನು ಓದ್ತಾರೆ?

ಪುಸ್ತಕ ಇರುತ್ತದೆ. ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟಕ್ಕೆ ಹೋಗುವ ಕ್ರಮ ಮಾತ್ರ ಇರುವುದಿಲ್ಲ. ಐಜಿಸಿಎಸ್‌ಇಯಲ್ಲಿ ಪ್ರತಿ ವಿಷಯಕ್ಕೂ ಸ್ಪಷ್ಟವಾದ ಸಿಲಬಸ್ ಇದೆ, ಪೋರ್ಷನ್ ಎಲ್ಲಿ ಮುಗಿಯುತ್ತದೆ ಅಂತ ಬೆರಳಿಟ್ಟು ತೋರಿಸಬಹುದು. ಎಂವೈಪಿಯಲ್ಲಿ ಹಾಗಲ್ಲ. ಐಬಿ ಗುರಿಗಳನ್ನೂ ಅಳತೆಗೋಲನ್ನೂ ಕೊಡುತ್ತದೆ, ಪಾಠ ಯಾವುದು ಅನ್ನುವುದನ್ನು ಶಾಲೆ ತೀರ್ಮಾನಿಸುತ್ತದೆ. ಉದಾಹರಣೆಗೆ ನೀರಿನ ಬಗ್ಗೆ ಒಂದು ಘಟಕ ಇದ್ದರೆ, ವಿಜ್ಞಾನದ ಮೇಷ್ಟ್ರು ನೀರು ಶುದ್ಧ ಮಾಡುವ ಪ್ರಯೋಗ ಮಾಡಿಸಬಹುದು, ಸಮಾಜದವರು ನದಿ ಹಂಚಿಕೆಯ ಜಗಳಗಳನ್ನು ಎತ್ತಿಕೊಳ್ಳಬಹುದು. ಎರಡು ವಿಷಯ ಸೇರಿಸಿ ಪಾಠ ಮಾಡುವ ಇಂಥ ಘಟಕ ಎಂವೈಪಿಯ ಪ್ರತಿ ವರ್ಷವೂ ಒಂದಾದರೂ ಇರಲೇಬೇಕು.

ಈ ಸ್ವಾತಂತ್ರ್ಯದಿಂದ ಒಂದು ಅಪಾಯವೂ ಇದೆ. ಶಾಲೆಯ ಯೋಜನೆ ಸಡಿಲವಾಗಿದ್ದರೆ ಭಿನ್ನರಾಶಿ, ವ್ಯಾಕರಣದಂಥ ಬುಡದ ಪಾಠಗಳೇ ಜಾರಿಹೋಗುತ್ತವೆ. ವರ್ಷದ ಯೋಜನೆಯನ್ನು ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ.

ನನ್ನ ಮಗನಿಗೆ ಇಷ್ಟ ಇರೋದು ಗಣಿತ, ವಿಜ್ಞಾನ. ಡ್ರಾಮಾ, ಡಿಸೈನ್ ಎಲ್ಲ ಯಾಕೆ ಕಡ್ಡಾಯ?

ಎಂವೈಪಿಯಲ್ಲಿ ಎಂಟು ವಿಷಯ ಗುಂಪು. ಭಾಷೆ ಮತ್ತು ಸಾಹಿತ್ಯ, ಕಲಿಯುವ ಎರಡನೇ ಭಾಷೆ, ಸಮಾಜ, ವಿಜ್ಞಾನ, ಗಣಿತ, ಕಲೆ, ದೈಹಿಕ ಶಿಕ್ಷಣ, ಡಿಸೈನ್. ಒಂದೊಂದಕ್ಕೂ ವರ್ಷಕ್ಕೆ ಕನಿಷ್ಠ 50 ಗಂಟೆ ಪಾಠ ಆಗಬೇಕು. ಕೊನೆಯ ಎರಡು ವರ್ಷ ಎಂಟರಲ್ಲಿ ಆರು ಗುಂಪು ಇಟ್ಟುಕೊಳ್ಳಲು ಶಾಲೆ ಅವಕಾಶ ಕೊಡಬಹುದು.

12ನೇ ವಯಸ್ಸಿನ ಇಷ್ಟ 16ಕ್ಕೆ ಹಾಗೇ ಇರುತ್ತದೆ ಅಂತ ನಂಬಿ ಬಾಗಿಲು ಮುಚ್ಚಬಾರದು. ಅದೂ ಅಲ್ಲದೆ ಡಿಸೈನ್ ಪಾಠದಲ್ಲಿ ನಡೆಯುವ ಕೆಲಸ ಇಂಜಿನಿಯರಿಂಗಿಗೆ ತುಂಬ ಹತ್ತಿರ. ಯಾರಿಗೆ ಬೇಕು ಅಂತ ವಿಚಾರಿಸುವುದು, ನಕ್ಷೆ ಹಾಕುವುದು, ಮಾಡಿ ನೋಡುವುದು, ಎಲ್ಲಿ ಕೆಟ್ಟಿತು ಅಂತ ಬರೆಯುವುದು. ಗಣಿತದಲ್ಲಿ ಜಾಣನಾದ ಹುಡುಗನಿಗೆ ಇದು ಸಮಯ ಹಾಳು ಅಂತ ನನಗಂತೂ ಅನಿಸುವುದಿಲ್ಲ.

## ಮಾರ್ಕ್ಸ್, ಗ್ರೇಡ್, ಪ್ರಾಜೆಕ್ಟ್

ರಿಪೋರ್ಟ್ ಕಾರ್ಡ್‌ನಲ್ಲಿ 100ಕ್ಕೆ ಎಷ್ಟು ಅಂತಾನೇ ಇಲ್ಲ. 5 ಅಂದ್ರೆ ಒಳ್ಳೇದಾ ಕೆಟ್ಟದ್ದಾ?

ಗ್ರೇಡ್ 1ರಿಂದ 7ರವರೆಗೆ ಇರುತ್ತದೆ, ಅದರಲ್ಲಿ 5 ಒಳ್ಳೆಯ ಗ್ರೇಡ್. ಅದನ್ನು 7ಕ್ಕೆ ಭಾಗಿಸಿ ಶೇಕಡಾ 71 ಅಂತ ಮಾಡಬೇಡಿ, ಆ ಲೆಕ್ಕಕ್ಕೆ ಅರ್ಥವಿಲ್ಲ.

ಎಂವೈಪಿಯ ಪ್ರತಿ ವಿಷಯದಲ್ಲೂ ನಾಲ್ಕು ಮಾನದಂಡ ಇರುತ್ತವೆ. ವಿಜ್ಞಾನದಲ್ಲಾದರೆ ತಿಳಿವಳಿಕೆ ಒಂದು, ಪ್ರಯೋಗ ರೂಪಿಸುವುದು ಇನ್ನೊಂದು, ಸಿಕ್ಕ ಫಲಿತಾಂಶವನ್ನು ವಿಶ್ಲೇಷಿಸುವುದು ಮೂರನೆಯದು, ಅದರ ಪರಿಣಾಮದ ಬಗ್ಗೆ ಯೋಚಿಸುವುದು ನಾಲ್ಕನೆಯದು. ಒಂದೊಂದಕ್ಕೂ 8ರಂತೆ ಒಟ್ಟು 32. ಅದರಲ್ಲಿ 28 ಮತ್ತು ಮೇಲೆ ಬಂದರೆ 7. 24ರಿಂದ 27ಕ್ಕೆ 6. 19ರಿಂದ 23ಕ್ಕೆ 5.

ಆ 5ಕ್ಕಿಂತ ಅದರ ಹಿಂದಿರುವ ನಾಲ್ಕು ಅಂಕಿ ನೋಡಿ. ತಿಳಿವಳಿಕೆಯಲ್ಲಿ 7, ಪ್ರಯೋಗ ರೂಪಿಸುವುದರಲ್ಲಿ 3 ಇದ್ದರೆ ಮಗುವಿಗೆ ಪಾಠ ಗೊತ್ತಿದೆ, ತಾನೇ ಪ್ರಶ್ನೆ ಹಾಕಿಕೊಳ್ಳುವುದು ಬರುತ್ತಿಲ್ಲ ಅಂತ ಅರ್ಥ. ಇದಕ್ಕೆ ಟ್ಯೂಷನ್‌ನಲ್ಲಿ ಅದೇ ಪಾಠ ಮತ್ತೆ ಓದಿಸಿದರೆ ಏನೂ ಆಗುವುದಿಲ್ಲ ಅಲ್ವಾ?

ಮೊದಲ ಟೆಸ್ಟ್‌ನಲ್ಲಿ ಕಡಿಮೆ ಬಂತು. ಅದು ಇಡೀ ವರ್ಷದ ಸರಾಸರಿ ಎಳೆದು ಹಾಕುತ್ತಾ?

ಎಂವೈಪಿಯಲ್ಲಿ ಸರಾಸರಿ ತೆಗೆಯುವ ಪದ್ಧತಿ ಇಲ್ಲ. ವರ್ಷದ ಕೊನೆಗೆ ಶಿಕ್ಷಕರು ಎಲ್ಲ ಕೆಲಸವನ್ನೂ ಮುಂದಿಟ್ಟುಕೊಂಡು, ಈ ಮಗು ಈಗ ಯಾವ ಮಟ್ಟದಲ್ಲಿ ನಿಂತಿದೆ ಅಂತ ತೀರ್ಮಾನಿಸುತ್ತಾರೆ. ಒಂದು ಮಾನದಂಡದಲ್ಲಿ ಆರಂಭದಲ್ಲಿ 3, ಆಮೇಲೆ 5, ಕೊನೆಗೆ ಎರಡು ಸಲ 6 ಬಂದಿದ್ದರೆ 6 ಕೊಡುವುದೇ ಸರಿ. ಕಲಿಯುವ ಮೊದಲೇ ಮಾಡಿದ ತಪ್ಪನ್ನು ಕಲಿತಾದ ಮೇಲೂ ಎಣಿಸಬಾರದು ಅನ್ನುವುದು ಇದರ ಹಿಂದಿನ ನ್ಯಾಯ. ನನಗೆ ಈ ಇಡೀ ಪದ್ಧತಿಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ಪರ್ಸನಲ್ ಪ್ರಾಜೆಕ್ಟ್‌ಗೆ ನಾವು ಸಹಾಯ ಮಾಡಬಹುದಾ? ಬೇರೆಯವರ ಮನೇಲಿ ಎಲ್ಲ ಮಾಡಿಕೊಡ್ತಾರೆ.

ಎಂವೈಪಿ ಐದನೇ ವರ್ಷದಲ್ಲಿ ಪ್ರತಿ ವಿದ್ಯಾರ್ಥಿಯೂ ತನಗೆ ಬೇಕಾದ ವಿಷಯ ಹಿಡಿದು ಸುಮಾರು 25 ಗಂಟೆ ದುಡಿಯುವ ಕೆಲಸ ಇದು. ಒಬ್ಬರು ಗಿಟಾರ್ ಮಾಡುತ್ತಾರೆ, ಒಬ್ಬರು ಅಜ್ಜಿಯ ಕಥೆಗಳನ್ನು ರೆಕಾರ್ಡ್ ಮಾಡಿ ಪುಸ್ತಕ ಕಟ್ಟುತ್ತಾರೆ.

ಬಹಳ ಮನೆಗಳಲ್ಲಿ ತಪ್ಪು ತಿಳಿದುಕೊಳ್ಳುವುದು ಇಲ್ಲೇ. ಗಿಟಾರ್ ಎಷ್ಟು ಚೆನ್ನಾಗಿದೆ ಅನ್ನುವುದಕ್ಕೆ ಅಂಕವೇ ಇಲ್ಲ. ಹೇಗೆ ಯೋಜನೆ ಹಾಕಿದೆ, ಯಾವ ಕೌಶಲ ಹೇಗೆ ಬಳಸಿದೆ, ಇದರಿಂದ ಏನು ಬದಲಾಯಿತು ಅನ್ನುವ ಮೂರಕ್ಕೆ ಅಂಕ. ನೀವು ಸುಂದರವಾಗಿ ಮಾಡಿಕೊಟ್ಟ ಗಿಟಾರಿನ ಬಗ್ಗೆ ಮಗು ಏನು ಬರೆಯಬೇಕು? ಒಡೆದುಹೋದ ಗಿಟಾರಿನ ಬಗ್ಗೆ ಪ್ರಾಮಾಣಿಕವಾಗಿ ಬರೆದವರಿಗೆ ಒಳ್ಳೆಯ ಅಂಕ ಬರುವ ಅವಕಾಶ ಜಾಸ್ತಿ. ಸಾಮಾನು ತಂದುಕೊಡಿ, ಗಾಡಿಯಲ್ಲಿ ಕರೆದುಕೊಂಡು ಹೋಗಿ, ಗೊತ್ತಿರುವವರ ಪರಿಚಯ ಮಾಡಿಸಿ. ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ.

## ಮಗು ಬೆಳೆಯುವ ಬಗ್ಗೆ

ಬ್ರೋಷರ್‌ನಲ್ಲಿ 'ಸರ್ವತೋಮುಖ ಬೆಳವಣಿಗೆ' ಅಂತ ಎಲ್ಲರೂ ಬರೀತಾರೆ. ದಿನಾ ಕ್ಲಾಸಲ್ಲಿ ಅದು ಎಲ್ಲಿ ಕಾಣುತ್ತೆ?

ಒಳ್ಳೆಯ ಪ್ರಶ್ನೆ, ಇದನ್ನು ಶಾಲೆಯವರಿಗೇ ಕೇಳಬೇಕು.

ಐಬಿಯಲ್ಲಿ 'ಲರ್ನರ್ ಪ್ರೊಫೈಲ್' ಅಂತ ಹತ್ತು ಗುಣಗಳ ಪಟ್ಟಿ ಇದೆ. ಕುತೂಹಲ, ಪ್ರಾಮಾಣಿಕತೆ, ಕಾಳಜಿ, ಬೇರೆಯವರ ಮಾತಿಗೆ ಮನಸ್ಸು ತೆರೆದಿರುವುದು, ಇತ್ಯಾದಿ. ಗೋಡೆಯ ಮೇಲೆ ಅಂಟಿಸಿದರೆ ಅದು ಬಣ್ಣದ ಕಾಗದ ಅಷ್ಟೇ. ನಿಜವಾದ ಬೆಳವಣಿಗೆ ಸಣ್ಣ ಸಣ್ಣ ಕಡೆ ನಡೆಯುತ್ತದೆ. ಹಿಂದಿರುಗಿಸಿದ ನೋಟ್ಸಿನ ಮೇಲೆ ಶಿಕ್ಷಕರು 'ಗುಡ್' ಅಂತ ಬರೆದಿದ್ದಾರಾ, ಅಥವಾ 'ನಿನ್ನ ಎರಡನೇ ಕಾರಣಕ್ಕೆ ಸಾಕ್ಷಿ ಇಲ್ಲ, ಸೇರಿಸಿ ಮತ್ತೆ ಕೊಡು' ಅಂತ ಬರೆದಿದ್ದಾರಾ? ಮತ್ತೆ ಬರೆಯಲು ಸಮಯ ಕೊಟ್ಟಿದ್ದಾರಾ? ಗುಂಪು ಕೆಲಸದಲ್ಲಿ ಒಬ್ಬನೇ ಎಲ್ಲ ಮಾಡಿದಾಗ ಯಾರಾದರೂ ಗಮನಿಸುತ್ತಾರಾ?

ಬಹಳ ಶಾಲೆಗಳಲ್ಲಿ ಪ್ರತಿ ಮಗುವಿಗೂ ಒಬ್ಬ ಹೋಂರೂಂ ಶಿಕ್ಷಕ ಅಥವಾ ಅಡ್ವೈಸರ್ ಇರುತ್ತಾರೆ. ವಾರದಲ್ಲಿ ಕೆಲವು ಸಲ ಆ ಸಣ್ಣ ಗುಂಪು ಸೇರುತ್ತದೆ. ಅವರು ನಿಮ್ಮ ಮಗುವಿನ ಸ್ನೇಹಿತರು ಯಾರು, ಊಟಕ್ಕೆ ಯಾರ ಜೊತೆ ಕೂರುತ್ತಾಳೆ, ಈಚೆಗೆ ಯಾಕೆ ಸಪ್ಪಗಿದ್ದಾಳೆ ಅಂತ ಹೇಳಬಲ್ಲವರಾಗಿದ್ದರೆ ಆ ಶಾಲೆಯ ಅರ್ಧ ಕೆಲಸ ಆಗಿದೆ. ಇನ್ನೊಂದು, ವಿದ್ಯಾರ್ಥಿಯೇ ನಡೆಸುವ ಪೇರೆಂಟ್ಸ್ ಮೀಟಿಂಗ್. 13ರ ಮಗು ತನ್ನ ಕೆಲಸವನ್ನು ಮೇಜಿನ ಮೇಲೆ ಹರಡಿ, ಇದು ಚೆನ್ನಾಗಿ ಬಂತು, ಇಲ್ಲಿ ಎಡವಿದೆ, ಮುಂದೆ ಹೀಗೆ ಮಾಡುತ್ತೇನೆ ಅಂತ ಅಪ್ಪ ಅಮ್ಮನಿಗೆ ವಿವರಿಸಬೇಕು. ದಯವಿಟ್ಟು ಆಗ ಮಧ್ಯೆ ಬಾಯಿ ಹಾಕಬೇಡಿ.

ನನ್ನ ಮಗಳು ಕ್ಲಾಸಲ್ಲಿ ಮಾತೇ ಆಡಲ್ಲ. ಇಂಥ ಶಾಲೆ ಬಾಯಿ ಜೋರಿರೋ ಮಕ್ಕಳಿಗೆ ಮಾತ್ರ ಅಲ್ವಾ?

ಚರ್ಚೆ, ಪ್ರೆಸೆಂಟೇಶನ್ ಜಾಸ್ತಿ ಇರುವುದು ನಿಜ. ಆದರೆ ಎಂವೈಪಿಯಲ್ಲಿ, ಮಾತಾಡುವುದೇ ಒಂದು ಮಾನದಂಡವಾಗಿರುವ ಎರಡನೇ ಭಾಷೆಯ ಪಾಠ ಬಿಟ್ಟರೆ, ಬಾಯಿ ತೆರೆದದ್ದಕ್ಕೆ ಪ್ರತ್ಯೇಕ ಅಂಕ ಇಲ್ಲ. ಅಂಕ ಇರುವುದು ಮಾನದಂಡಕ್ಕೆ, ಬಹಳ ವಿಷಯಗಳಲ್ಲಿ ಅದನ್ನು ಬರೆದೂ ತೋರಿಸಬಹುದು. ಮಾತು ಕಡಿಮೆ ಇರುವ ಮಕ್ಕಳಿಗೆ ಮೊದಲು ಬರೆದುಕೊಳ್ಳಲು ಎರಡು ನಿಮಿಷ, ಆಮೇಲೆ ಪಕ್ಕದವರ ಜೊತೆ ಮಾತು, ಕೊನೆಗೆ ಇಡೀ ಕ್ಲಾಸಿಗೆ ಅನ್ನುವ ಕ್ರಮ ಇಟ್ಟರೆ ಬಹಳ ಸಲ ಅವರ ಮಾತೇ ಎಲ್ಲರಿಗಿಂತ ತೂಕದ್ದಾಗಿರುತ್ತದೆ. ಹೀಗೆ ಮಾಡುತ್ತೀರಾ ಅಂತ ಶಿಕ್ಷಕರನ್ನು ಕೇಳಿ. ಮನೆಯಲ್ಲಿ 'ನೀನು ಯಾಕೆ ಕೈ ಎತ್ತಲ್ಲ' ಅಂತ ದಿನಾ ಕೇಳುವುದನ್ನು ನಿಲ್ಲಿಸಿ.

ಇಂಗ್ಲಿಷಲ್ಲೇ ಎಲ್ಲ ಆದ್ರೆ ಮನೆಮಾತು ಮರೆತುಹೋಗಲ್ವಾ?

ಬಿಟ್ಟುಬಿಟ್ಟರೆ ಖಂಡಿತ ಸೊರಗುತ್ತದೆ. ಮಾತಾಡಲು ಬರುತ್ತದೆ, ಓದಲು ಬರೆಯಲು ಬರುವುದಿಲ್ಲ, ಗಂಭೀರ ವಿಷಯ ಬಂದರೆ ಶಬ್ದ ಸಿಗುವುದಿಲ್ಲ. ಐಬಿಯ ನಿಲುವು ಮನೆಮಾತಿನ ಪರವಾಗಿಯೇ ಇದೆ. ಡಿಪಿಯಲ್ಲಿ ಎರಡು ಭಾಷೆ ಓದಲೇಬೇಕು. ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ದಾರಿಯೂ ಇದೆ. ಶಾಲೆಯಲ್ಲಿ ನಿಮ್ಮ ಭಾಷೆಯ ಶಿಕ್ಷಕರು ಇಲ್ಲದಿದ್ದರೂ, ಶಾಲೆಯ ಬೆಂಬಲದಿಂದ ಸ್ವಂತವಾಗಿ ಓದಿ ಆ ಭಾಷೆಯ ಸಾಹಿತ್ಯವನ್ನು ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ, ಅಂದರೆ ಡಿಪಿಯ ಎರಡು ಮಟ್ಟಗಳಲ್ಲಿ ಚಿಕ್ಕದರಲ್ಲಿ, ತೆಗೆದುಕೊಳ್ಳಬಹುದು. ಕೆಲವು ಭಾಷೆಗಳಿಗೆ ಶಾಲೆ ಮುಂಚಿತವಾಗಿ ಕೋರಿಕೆ ಸಲ್ಲಿಸಬೇಕಾಗುತ್ತದೆ, ಹಾಗಾಗಿ ಡಿಪಿ ಶುರುವಾಗುವ ತುಂಬ ಮೊದಲೇ ಕೇಳಿ.

ಮಗನಿಗೆ ಡಿಸ್ಲೆಕ್ಸಿಯಾ ಇದೆ. ಹೇಳಿದ್ರೆ ಸೀಟ್ ಕೊಡಲ್ಲ ಅಂತ ಭಯ.

ಆ ಭಯ ನನಗೆ ಅರ್ಥವಾಗುತ್ತದೆ. ಆದರೂ ಹೇಳಿ. ಐಬಿಯೂ ಕೇಂಬ್ರಿಡ್ಜೂ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಪ್ರಶ್ನೆ ಓದಿ ಹೇಳುವವರು, ಬರೆಯಲು ಕಂಪ್ಯೂಟರ್ ಇಂಥ ಅನುಕೂಲ ಕೊಡುತ್ತವೆ. ಅದಕ್ಕೆ ತಜ್ಞರ ವರದಿ ಬೇಕು, ಕ್ಲಾಸಿನಲ್ಲೂ ಮಗು ಅದೇ ಅನುಕೂಲ ಬಳಸುತ್ತಿದೆ ಅನ್ನುವುದಕ್ಕೆ ದಾಖಲೆ ಬೇಕು. ಕೊನೆಯ ವರ್ಷದಲ್ಲಿ ದಿಢೀರ್ ಅಂತ ಕೇಳಿದರೆ ಕಷ್ಟ. ನಿಜ ಹೇಳಿದ್ದಕ್ಕೆ ಬಾಗಿಲು ಹಾಕುವ ಶಾಲೆ ಒಳಗೆ ಸೇರಿಸಿಕೊಂಡ ಮೇಲೂ ಮಗುವನ್ನು ಚೆನ್ನಾಗಿ ನೋಡಿಕೊಳ್ಳುವುದಿಲ್ಲ.

ತಪ್ಪು ಮಾಡಿದ್ರೆ ಶಿಕ್ಷೆನೇ ಇಲ್ವಾ?

ಇದೆ. ಆದರೆ ಮೊದಲು ಕೂರಿಸಿ ಮಾತಾಡಿಸುತ್ತಾರೆ. ಏನಾಯಿತು, ಯಾರಿಗೆ ನೋವಾಯಿತು, ಸರಿ ಮಾಡಲು ಏನು ಮಾಡುತ್ತೀಯ ಅನ್ನುವ ಮೂರು ಪ್ರಶ್ನೆ. ಸುಮ್ನೆ 'ಸಾರಿ' ಅಂದು ಹೊರಗೆ ನಿಲ್ಲುವುದಕ್ಕಿಂತ ಇದು ಮಕ್ಕಳಿಗೆ ಕಷ್ಟದ ಕೆಲಸ. ಬೆದರಿಸುವುದು, ಹೊಡೆದಾಟ, ಕಾಪಿ ಹೊಡೆಯುವುದು ಇವಕ್ಕೆ ನಿಯಮ ಬೇರೆ, ಅಲ್ಲಿ ಮನೆಯವರನ್ನು ತಕ್ಷಣ ಕರೆಸುತ್ತಾರೆ.

## ಕೊನೆಯ ಎರಡು ವರ್ಷ

ಡಿಪಿಯಲ್ಲಿ 45ಕ್ಕೆ 38 ಅಂತಾರೆ. ಆ 45 ಎಲ್ಲಿಂದ ಬಂತು?

ಆರು ವಿಷಯ, ಒಂದೊಂದಕ್ಕೆ 7, ಒಟ್ಟು 42. ಟಿಒಕೆ (ಥಿಯರಿ ಆಫ್ ನಾಲೆಡ್ಜ್ ಅನ್ನುವ ಪಾಠ) ಮತ್ತು ಎಕ್ಸ್‌ಟೆಂಡೆಡ್ ಎಸ್ಸೆ (ಸ್ವಂತವಾಗಿ ಬರೆಯುವ ದೊಡ್ಡ ಪ್ರಬಂಧ) ಎರಡೂ ಸೇರಿ 3. ಆರು ವಿಷಯದಲ್ಲಿ ಸಾಮಾನ್ಯವಾಗಿ ಮೂರು ಹೈಯರ್ ಲೆವೆಲ್, ತಲಾ 240 ಗಂಟೆ ಪಾಠ. ಉಳಿದ ಮೂರು ಸ್ಟ್ಯಾಂಡರ್ಡ್, ತಲಾ 150 ಗಂಟೆ. ಡಿಪ್ಲೊಮಾ ಸಿಗಲು ಕನಿಷ್ಠ 24 ಬೇಕು, ಆದರೆ ಅಷ್ಟೇ ಸಾಲದು. ಮೂರು ಹೈಯರ್ ಲೆವೆಲ್ ವಿಷಯ ಸೇರಿ ಕನಿಷ್ಠ 12, ಯಾವ ವಿಷಯದಲ್ಲೂ 1 ಇರಬಾರದು, ಟಿಒಕೆಯಲ್ಲಾಗಲಿ ಎಸ್ಸೆಯಲ್ಲಾಗಲಿ ಇ ಗ್ರೇಡ್ ಬರಬಾರದು, ಸಿಎಎಸ್ (ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆಯ ಕೆಲಸ) ಮುಗಿದಿರಬೇಕು. ಇನ್ನೂ ಕೆಲವು ಷರತ್ತುಗಳಿವೆ, ಶಾಲೆಯ ಡಿಪಿ ಕೋಆರ್ಡಿನೇಟರ್ ಹತ್ತಿರ ಪೂರ್ತಿ ಪಟ್ಟಿ ಸಿಗುತ್ತದೆ.

ಎಲ್ಲವೂ ಕೊನೆಯ ಪರೀಕ್ಷೆಯ ಮೇಲೆ ನಿಂತಿಲ್ಲ. ಗಣಿತದಲ್ಲೂ ವಿಜ್ಞಾನದಲ್ಲೂ ಶೇಕಡಾ 20 ವಿದ್ಯಾರ್ಥಿ ತಾನೇ ಮಾಡಿದ ತನಿಖೆಗೆ. ಶಾಲೆಯ ಶಿಕ್ಷಕರು ಅಂಕ ಹಾಕುತ್ತಾರೆ, ಐಬಿ ಕೆಲವನ್ನು ತರಿಸಿಕೊಂಡು ಆ ಅಂಕ ಸರಿಯಿದೆಯಾ ಅಂತ ನೋಡುತ್ತದೆ.

ಡಿಪಿ ತಗೊಳ್ಳೋದಾ, ಎ ಲೆವೆಲ್ ತಗೊಳ್ಳೋದಾ?

ಮಗು ಯಾವುದರಲ್ಲಿ ಮುಳುಗಲು ಇಷ್ಟಪಡುತ್ತದೆ ಅಂತ ನೋಡಿ. ಎ ಲೆವೆಲ್‌ನಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ವಿಷಯ, ಆಳವಾಗಿ. ಭಾಷೆ ಬೇಡ, ಇತಿಹಾಸ ಬೇಡ, ಗಣಿತ ಭೌತಶಾಸ್ತ್ರ ಸಾಕು ಅನ್ನುವವರಿಗೆ ಅದು ಸರಿ. ಡಿಪಿಯಲ್ಲಿ ಅದಕ್ಕೆ ಅವಕಾಶವೇ ಇಲ್ಲ, ಗಣಿತವೂ ಬೇಕು, ಎರಡು ಭಾಷೆಯೂ ಬೇಕು, ಸಮಾಜವೂ ಬೇಕು. ಎಲ್ಲದರಲ್ಲೂ ಒಂದಿಷ್ಟು ಆಸಕ್ತಿ ಇರುವ, ಬರೆಯಲು ಬೇಸರವಿಲ್ಲದ ಮಕ್ಕಳು ಡಿಪಿಯಲ್ಲಿ ಅರಳುತ್ತಾರೆ. ಡಿಪಿ ದೊಡ್ಡದು, ಎ ಲೆವೆಲ್ ಸಣ್ಣದು ಅನ್ನುವ ಮಾತು ನಾನು ಒಪ್ಪುವುದಿಲ್ಲ. ವಿಶ್ವವಿದ್ಯಾಲಯಗಳು ಎರಡನ್ನೂ ತೆಗೆದುಕೊಳ್ಳುತ್ತವೆ. ಆದರೆ ಒಂದೊಂದು ಕೋರ್ಸಿಗೂ ಯಾವ ವಿಷಯ, ಯಾವ ಲೆವೆಲ್ ಬೇಕು ಅನ್ನುವುದನ್ನು ವಿಷಯ ಆರಿಸುವ ಮೊದಲೇ ಓದಿಕೊಳ್ಳಿ.

ಗಣಿತದಲ್ಲಿ ಎರಡು ಬಗೆ ಇದೆಯಂತೆ, ಯಾವುದು ಸುಲಭ?

2019ರಿಂದ ಡಿಪಿ ಗಣಿತ ಎರಡು ಕವಲಾಗಿದೆ. 'ಅನಾಲಿಸಿಸ್ ಅಂಡ್ ಅಪ್ರೋಚಸ್'ನಲ್ಲಿ ಬೀಜಗಣಿತ, ಕ್ಯಾಲ್ಕುಲಸ್, ಸಾಧನೆಗಳು (ಪ್ರೂಫ್) ಜಾಸ್ತಿ, ಒಂದು ಪತ್ರಿಕೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. 'ಅಪ್ಲಿಕೇಶನ್ಸ್ ಅಂಡ್ ಇಂಟರ್‌ಪ್ರಿಟೇಶನ್'ನಲ್ಲಿ ಅಂಕಿಅಂಶ, ಮಾದರಿ ಕಟ್ಟುವುದು ಜಾಸ್ತಿ. ಎರಡರಲ್ಲೂ ಹೈಯರ್ ಲೆವೆಲ್ ಇದೆ, ಎರಡೂ ಹೈಯರ್ ಕಷ್ಟವೇ. ಇಂಜಿನಿಯರಿಂಗ್, ಶುದ್ಧ ಗಣಿತದ ಯೋಚನೆ ಇದ್ದರೆ ಮೊದಲನೆಯದು.

ಟಿಒಕೆ, 4000 ಪದದ ಎಸ್ಸೆ... ಇವೆಲ್ಲ ಕಾಲೇಜಲ್ಲಿ ಮಾಡೋದಲ್ವಾ?

ಕಾಲೇಜಿಗೆ ಹೋದ ಮೇಲೆ ಮೊದಲ ಸಲ ಮಾಡಿ ತಡವರಿಸುವ ಬದಲು ಇಲ್ಲೇ ಶುರು ಮಾಡುತ್ತಾರೆ.

ಟಿಒಕೆ ಅಂದರೆ ಥಿಯರಿ ಆಫ್ ನಾಲೆಡ್ಜ್. ನಮಗೆ ಗೊತ್ತು ಅಂತ ಹೇಳುವುದು ಹೇಗೆ ಗೊತ್ತಾಯಿತು ಅನ್ನುವುದೇ ಪಾಠ. ಇತಿಹಾಸಕಾರರ ಸಾಕ್ಷಿಗೂ ವಿಜ್ಞಾನಿಯ ಸಾಕ್ಷಿಗೂ ಏನು ವ್ಯತ್ಯಾಸ? ಅಂಕಿಅಂಶ ಸುಳ್ಳು ಹೇಳಬಹುದಾ? ಕೊನೆಗೆ ಮೂರು ವಸ್ತುಗಳನ್ನು ಇಟ್ಟು ಒಂದು ಪ್ರದರ್ಶನ, ಐಬಿ ಕೊಟ್ಟ ಪ್ರಶ್ನೆಗಳಲ್ಲಿ ಒಂದನ್ನು ಆರಿಸಿ 1600 ಪದಗಳ ಒಳಗೆ ಒಂದು ಪ್ರಬಂಧ.

ಎಕ್ಸ್‌ಟೆಂಡೆಡ್ ಎಸ್ಸೆಗೆ ಮಿತಿ 4000 ಪದ. ಮೇಲ್ವಿಚಾರಕರ ಜೊತೆ ಸಿಗುವ ಸಮಯ ಕೆಲವೇ ಗಂಟೆ, ಉಳಿದದ್ದೆಲ್ಲ ಸ್ವಂತ ದುಡಿಮೆ. ಎಲ್ಲಕ್ಕಿಂತ ಕಷ್ಟವಾದದ್ದು ಪ್ರಶ್ನೆಯನ್ನು ಸಣ್ಣದು ಮಾಡುವುದು. 'ಮಾಲಿನ್ಯ' ಅಂತ ಶುರು ಮಾಡಿದವರು ಒಂದು ಕೆರೆ, ಒಂದು ರಾಸಾಯನಿಕ, ಒಂದು ಋತು ಅನ್ನುವಷ್ಟಕ್ಕೆ ಇಳಿಯುವ ಹೊತ್ತಿಗೆ ತಿಂಗಳುಗಳೇ ಹೋಗುತ್ತವೆ. ಆ ತಿಂಗಳುಗಳು ವ್ಯರ್ಥ ಅಂತ ಮಕ್ಕಳಿಗೆ ಅನಿಸುತ್ತದೆ. ಆದರೆ ಯೋಚನೆ ಮೊನಚಾಗುವುದು ಆಗಲೇ.

ಸಿಎಎಸ್‌ಗೆ ಸರ್ಟಿಫಿಕೇಟ್ ಎಷ್ಟು ಬೇಕು?

ಸರ್ಟಿಫಿಕೇಟ್ ಬೇಕಿಲ್ಲ, ಗಂಟೆಗಳ ಎಣಿಕೆಯೂ ಇಲ್ಲ. ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆ ಈ ಮೂರನ್ನು ಕನಿಷ್ಠ 18 ತಿಂಗಳು ನಿರಂತರವಾಗಿ ಮಾಡಬೇಕು. ಒಂದು ತಿಂಗಳಾದರೂ ನಡೆಯುವ ಒಂದು ಪ್ರಾಜೆಕ್ಟ್ ಬೇಕು. ಅಂಕ ಇಲ್ಲ, ಆದರೆ ಮುಗಿಸದಿದ್ದರೆ ಡಿಪ್ಲೊಮಾ ಇಲ್ಲ. ಸೇವೆ ಅಂದರೆ ಒಂದು ದಿನ ಹೋಗಿ ಫೋಟೋ ತೆಗೆಸಿಕೊಂಡು ಬರುವುದು ಅಂತ ದಯವಿಟ್ಟು ಕಲಿಸಬೇಡಿ. ಅಲ್ಲಿರುವವರಿಗೆ ಏನು ಬೇಕು ಅಂತ ಮೊದಲು ಕೇಳುವುದೇ ಈ ಕೆಲಸದ ಮುಖ್ಯ ಭಾಗ.

ಚಾಟ್‌ಜಿಪಿಟಿ ಬಳಸಿದ್ರೆ ಡಿಬಾರ್ ಮಾಡ್ತಾರಾ?

ಐಬಿ ಅದನ್ನು ನಿಷೇಧಿಸಿಲ್ಲ. 2023ರಲ್ಲೇ ತನ್ನ ನಿಲುವು ಹೇಳಿತು. ಅದರಿಂದ ತೆಗೆದುಕೊಂಡದ್ದನ್ನು ಬೇರೆ ಯಾವುದೇ ಮೂಲದ ಹಾಗೆ ಹೆಸರಿಸಬೇಕು, ಅದು ಬರೆದದ್ದನ್ನು ತನ್ನದು ಅಂತ ಕೊಡಬಾರದು. ಸಿಕ್ಕಿಬಿದ್ದರೆ ಆ ವಿಷಯದಲ್ಲಿ ಗ್ರೇಡ್ ಸಿಗದೆ ಡಿಪ್ಲೊಮಾವೇ ಕೈತಪ್ಪಬಹುದು. ಶಿಕ್ಷಕರಿಗೆ ಅನುಮಾನ ಬಂದರೆ ವಿದ್ಯಾರ್ಥಿಯನ್ನು ಕರೆದು ಆ ಪ್ಯಾರಾ ಬಗ್ಗೆ ಮಾತಾಡಿಸುತ್ತಾರೆ. ಹಾಗಾಗಿ ಹಳೆಯ ಡ್ರಾಫ್ಟ್, ಟಿಪ್ಪಣಿಗಳನ್ನು ಅಳಿಸಬೇಡಿ ಅಂತ ಮಕ್ಕಳಿಗೆ ಹೇಳಿ, ತಾನೇ ಬರೆದದ್ದು ಅನ್ನುವುದಕ್ಕೆ ಅವೇ ಸಾಕ್ಷಿ.

ಮಗಳು ರಾತ್ರಿ ಒಂದರ ತನಕ ಕೂತಿರ್ತಾಳೆ. ಡಿಪಿ ಅಂದ್ರೆ ಹೀಗೇನಾ?

ಹೀಗೆ ಆಗಬೇಕಿಲ್ಲ. ಎರಡನೇ ವರ್ಷದ ಮೊದಲರ್ಧದಲ್ಲಿ ಎಸ್ಸೆ, ಎಲ್ಲ ವಿಷಯದ ಪ್ರಾಜೆಕ್ಟ್, ಟಿಒಕೆ, ಕಾಲೇಜು ಅರ್ಜಿ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಒಳ್ಳೆಯ ಶಾಲೆ ಎಲ್ಲ ಶಿಕ್ಷಕರನ್ನೂ ಕೂರಿಸಿ ಒಂದೇ ಕ್ಯಾಲೆಂಡರ್ ಮಾಡುತ್ತದೆ, ಒಂದೇ ವಾರ ಮೂರು ಡೆಡ್‌ಲೈನ್ ಬರದ ಹಾಗೆ ಹಂಚುತ್ತದೆ. ಅದು ಆಗದಿದ್ದರೆ ತಪ್ಪು ಮಗುವಿನದಲ್ಲ, ನೇರವಾಗಿ ಕೋಆರ್ಡಿನೇಟರ್ ಹತ್ತಿರ ಮಾತಾಡಿ. ಒಂದು ಹೈಯರ್ ವಿಷಯವನ್ನು ಸ್ಟ್ಯಾಂಡರ್ಡ್‌ಗೆ ಇಳಿಸುವ ದಾರಿಯೂ ಇರಬಹುದು, ಮೂರು ಹೈಯರ್ ಉಳಿಯುತ್ತದಾ, ಕಾಲೇಜಿಗೆ ಅಡ್ಡಿಯಾಗುತ್ತದಾ ಅಂತ ನೋಡಿಕೊಂಡು ಮಾಡಬೇಕು. ನಿದ್ದೆ, ಊಟ, ಸ್ನೇಹಿತರು ಇವನ್ನು ಬಿಟ್ಟು ವಾರಗಟ್ಟಲೆ ಒಬ್ಬಳೇ ಕೂತಿದ್ದರೆ ಅದು ಓದಿನ ವಿಷಯವಾಗಿ ಉಳಿದಿಲ್ಲ, ಕೌನ್ಸೆಲರ್‌ಗೆ ಅವತ್ತೇ ಹೇಳಿ.

ಶಾಲೆ ನೋಡೋಕೆ ಹೋಗ್ತಾ ಇದೀವಿ. ಏನು ಕೇಳಬೇಕು?

ಕಟ್ಟಡ, ಈಜುಕೊಳ ತಾವೇ ತೋರಿಸುತ್ತಾರೆ. ಈ ವರ್ಷ ಎಷ್ಟು ಶಿಕ್ಷಕರು ಬಿಟ್ಟು ಹೋದರು ಅಂತ ಕೇಳಿ. 45 ಬಂದವರ ಫೋಟೋ ಬಿಟ್ಟು, ಇಡೀ ಬ್ಯಾಚಿನ ಫಲಿತಾಂಶ ಕೇಳಿ, ಎಷ್ಟು ಮಂದಿ ಡಿಪಿಗೆ ಸೇರಿದರು, ಎಷ್ಟು ಮಂದಿ ಪರೀಕ್ಷೆ ಬರೆದರು ಅನ್ನುವುದನ್ನೂ ಸೇರಿಸಿ. ಹಿಂದೆ ಬಿದ್ದ ಮಗುವಿಗೆ ಏನು ಮಾಡಿದಿರಿ, ಒಂದು ಉದಾಹರಣೆ ಹೇಳಿ ಅನ್ನಿ. ಸಾಧ್ಯವಾದರೆ ಶಿಕ್ಷಕರು ಪಕ್ಕದಲ್ಲಿ ಇಲ್ಲದಾಗ ಯಾರಾದರೂ ವಿದ್ಯಾರ್ಥಿಯ ಹತ್ತಿರ ಮಾತಾಡಿ. ಏನಾದರೂ ತೊಂದರೆ ಆದರೆ ಇಲ್ಲಿ ಯಾರ ಹತ್ತಿರ ಹೋಗುತ್ತೀಯ ಅಂತ ಕೇಳಿ. ತಡವಿಲ್ಲದೆ ಒಂದು ಹೆಸರು ಹೇಳಿದರೆ ಆ ಶಾಲೆಯನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಿ.